ಟರ್ಬೋ ಮೀಮಾಂಸೆ: ಮಾರುತಿ 800ರ ಶ್ವಾಸಕ್ಕೊಂದು ಭಾಷ್ಯ

ಹುಟ್ಟುವಾಗ ಟರ್ಬೋ ಇಲ್ಲದ ಕಾರಿಗೆ ಆಮೇಲೆ ಟರ್ಬೋ ಕೂರಿಸಬಹುದೇ, ಕೂರಿಸಬಾರದೇ ಎಂಬ ಬಗ್ಗೆ ಬೆಂಗಳೂರಿನ ಮೂರು ಪೀಠಗಳಲ್ಲಿ ಬಹುಕಾಲದಿಂದ ವಾದ ನಡೆದಿದೆ. ಒಂದು, ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಮೆಟ್ಟಿಲು. ಇನ್ನೊಂದು, ಗ್ಯಾರೇಜಿನ ಎದುರಿನ ಟೀ ಅಂಗಡಿ. ಮತ್ತೊಂದು, ಆರ್‌ಟಿಒ ಕಚೇರಿಯ ಮುಂದಿನ ಮರದ ನೆರಳು. ಈ ಮೂರೂ ಪೀಠಗಳ ಮತಗಳನ್ನು ಪರಾಮರ್ಶಿಸಿ ಒಂದು ನಿರ್ಣಯಕ್ಕೆ ಬರುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಅಧ್ಯಯನಕ್ಕೆ ಆರಿಸಿಕೊಂಡ ಆಕರ ಗ್ರಂಥ ಮಾರುತಿ 800. 1983ರಿಂದ 2014ರವರೆಗೆ ಹೊರಬಂದ ಈ ಕೃತಿಯ ಪ್ರತಿಗಳು ಇಂದಿಗೂ ಸುಲಭವಾಗಿ ಸಿಗುತ್ತವೆ, ಕೆಲವು ಮಾತ್ರ ಹುಳು ಹಿಡಿಯುವ ಬದಲು ತುಕ್ಕು ಹಿಡಿದಿವೆ. ಕಾರ್ಬೊರೇಟರ್ ಪಾಠ, ಇಂಜೆಕ್ಷನ್ ಪಾಠ ಎಂಬ ಪಾಠಾಂತರಗಳಿದ್ದರೂ ಮೂಲ ಒಂದೇ: 796 ಸಿ.ಸಿ., ಮೂರು ಸಿಲಿಂಡರ್, ನಲವತ್ತರ ಆಸುಪಾಸು ಕುದುರೆಶಕ್ತಿ. ಇಂಜೆಕ್ಷನ್ ಭಾಗ ನಂತರದ ಸೇರ್ಪಡೆ ಎಂಬುದರಲ್ಲಿ ಸಂಶಯವಿಲ್ಲದ್ದರಿಂದ ನಾವು ಪ್ರಾಚೀನವಾದ ಕಾರ್ಬೊರೇಟರ್ ಪಾಠವನ್ನೇ ಅಧಿಕೃತವೆಂದು ಹಿಡಿದಿದ್ದೇವೆ.

ಮೊದಲು ರೋಗನಿದಾನ. ಈ ಎಂಜಿನ್ನು ನಿಮಿಷಕ್ಕೆ 5,000 ಸುತ್ತು ತಿರುಗುವಾಗ, ಸಿಲಿಂಡರುಗಳು ಪೂರ್ತಿ ತುಂಬುತ್ತವೆಂದು ಉದಾರವಾಗಿ ಒಪ್ಪಿಕೊಂಡರೆ, ಒಳಗೆಳೆದುಕೊಳ್ಳುವ ಗಾಳಿ ನಿಮಿಷಕ್ಕೆ 1,990 ಲೀಟರ್. ಕೇಳುವುದಕ್ಕೆ ದೊಡ್ಡ ಸಂಖ್ಯೆ. ಆದರೆ ಎಂಥ ಗಾಳಿ? ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಮಂಗಳೂರಿಗೆ ಹೋಲಿಸಿದರೆ ಇಲ್ಲಿ ಗಾಳಿಯ ಒತ್ತಡ ನೂರಕ್ಕೆ ಸುಮಾರು ಹತ್ತರಷ್ಟು ಕಡಿಮೆ. ಗಾಳಿ ಕಡಿಮೆಯಾದಷ್ಟೂ ಉರಿಸಬಹುದಾದ ಪೆಟ್ರೋಲೂ ಕಡಿಮೆ. ಆದ್ದರಿಂದ ಟರ್ಬೋ ಇಲ್ಲದ ಬೆಂಗಳೂರಿನ ಕಾರಿಗೆ ಪಿಕಪ್ ಬರಿಸುವ ಅತ್ಯಂತ ಅಗ್ಗದ ಉಪಾಯ ಶಿರಾಡಿ ಘಾಟಿ ಇಳಿಯುವುದು. ಇದಕ್ಕೆ ಸ್ಪ್ಯಾನರು ಬೇಡ, ಆರ್‌ಟಿಒ ತಕರಾರಿಲ್ಲ, ಕೆಳಗೆ ಮುಟ್ಟಿದ ಮೇಲೆ ಒಳ್ಳೆಯ ಮೀನೂಟವೂ ಉಂಟು. ಆದರೂ ವಿದ್ವಾಂಸರು ಈ ಉಪಾಯಕ್ಕೆ ಮಾನ್ಯತೆ ಕೊಟ್ಟಿಲ್ಲ. ವಾಪಸು ಬರುವಾಗ ಗಳಿಸಿದ್ದೆಲ್ಲ ಸಕಲೇಶಪುರ ಮುಟ್ಟುವಷ್ಟರಲ್ಲಿ ಕರಗಿಹೋಗುತ್ತದೆ ಎಂಬುದು ಅವರ ಆಕ್ಷೇಪ.

ಇನ್ನು ಕಾಲನಿರ್ಣಯ. ಅದೃಷ್ಟವಶಾತ್ ಇಲ್ಲಿ ನಮ್ಮ ಕವಿಗಳ ಕಾಲದಷ್ಟು ಗೊಂದಲವಿಲ್ಲ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ. ಸೈಲೆನ್ಸರಿನಲ್ಲಿ ವೃಥಾ ಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸು, ಅದೇ ದಂಡಕ್ಕೆ ಇನ್ನೊಂದು ಚಕ್ರ ಸಿಕ್ಕಿಸಿ ಎಂಜಿನ್ನಿಗೆ ಗಾಳಿ ತುರುಕು: ದರ್ಶನ ಇಷ್ಟೇ, ಉಳಿದುದೆಲ್ಲ ಬಿಲ್ಲು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಟರ್ಬೋ ಕೂರಿಸಿದ ಲಿಬರ್ಟಿ ವಿಮಾನದ ಎಂಜಿನ್ನನ್ನು ಕೊಲೊರಾಡೋದ ಪೈಕ್ಸ್ ಪೀಕ್ ಎಂಬ 14,000 ಅಡಿಗೂ ಎತ್ತರದ ಬೆಟ್ಟದ ತುದಿಗೆ ಒಯ್ದು ಪರೀಕ್ಷಿಸಿದ. ಗಾಳಿ ಸಾಲದೆಂದು ಘಾಟಿ ಇಳಿಯುವವರಿಗೂ, ಗಾಳಿ ಇಲ್ಲದ ಕಡೆಗೇ ಎಂಜಿನ್ ಹೊತ್ತು ಹತ್ತುವವರಿಗೂ ಇರುವ ಈ ಮನೋಧರ್ಮಭೇದ ಪ್ರತ್ಯೇಕ ಪಿಎಚ್.ಡಿ.ಗೆ ಯೋಗ್ಯವಾಗಿದೆ.

ಕಾರಿಗೆ ಟರ್ಬೋ ಇಳಿದದ್ದು 1962ರಲ್ಲಿ. ಆ ವರ್ಷ ಬಂದ ಎರಡು ಅಮೆರಿಕನ್ ಕಾರುಗಳಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ನಮಗೆ ಮುಖ್ಯ. ಅದರ ಎಂಜಿನ್ನಿನಲ್ಲಿ ಕಂಪ್ರೆಷನ್ ಮೊದಲೇ ಜಾಸ್ತಿ, 10.25ಕ್ಕೆ 1. ಅದರ ಮೇಲೆ ಟರ್ಬೋ ಗಾಳಿ ಬಿದ್ದರೆ ನಾಕಿಂಗ್, ಅಂದರೆ ಪೆಟ್ರೋಲ್ ಅಕಾಲದಲ್ಲಿ ಸಿಡಿದು ಎಂಜಿನ್ ಬಡಿದುಕೊಳ್ಳುವುದು, ಖಚಿತ. ಪರಿಹಾರಕ್ಕೆಂದು ನೀರು ಮತ್ತು ಮೆಥನಾಲ್ ಬೆರೆಸಿದ ತೀರ್ಥವೊಂದನ್ನು ಪುಟ್ಟ ಟ್ಯಾಂಕಿನಲ್ಲಿ ಇಟ್ಟು, ಆಗಾಗ ತುಂಬಿಸಿಕೊಳ್ಳಿ ಎಂದು ಮಾಲೀಕರಿಗೆ ಹೇಳಿ ಕಳುಹಿಸಿದರು. ಮಾಲೀಕರು ಮಾಲೀಕರೇ, ಮರೆತರು. ಕೊನೆಗೆ ಕಂಪನಿಯೇ ಟರ್ಬೋ ಕಳಚಿ ಸಾಧಾರಣ ಕಾರ್ಬೊರೇಟರ್ ಹಾಕಿಕೊಡಲು ಮುಂದಾಯಿತು. ಟರ್ಬೋ ಕೂರಿಸಿಕೊಂಡವರ ಮಹಿಮೆ ಹಾಡುವವರು ಟರ್ಬೋ ಇಳಿಸಿಕೊಂಡವರ ಈ ಪರಂಪರೆಯನ್ನು ಅದೇಕೋ ಪ್ರಕ್ಷಿಪ್ತವೆಂದು ಬಿಟ್ಟುಬಿಡುತ್ತಾರೆ.

1973ರ ಬಿಎಂಡಬ್ಲ್ಯು 2002 ಟರ್ಬೋ ಶಾಸನತಜ್ಞರ ಗಮನ ಸೆಳೆಯಬೇಕಾದ ವಸ್ತು. ಅದರ ಮುಂಭಾಗದಲ್ಲಿ ಕಾರಿನ ಹೆಸರನ್ನು ತಿರುಗುಮುರುಗು ಬರೆಯಲಾಗಿತ್ತು. ಮುಂದಿನ ಕಾರಿನವನು ತನ್ನ ಕನ್ನಡಿಯಲ್ಲಿ ನೋಡಿದಾಗ ಅಕ್ಷರ ನೇರವಾಗಿ ಕಾಣಲಿ, ಕಂಡೊಡನೆ ದಾರಿ ಬಿಡಲಿ ಎಂಬುದು ಶಾಸನದ ಆಶಯ. ಜರ್ಮನಿಯಲ್ಲಿ ಇದಕ್ಕೆ ದೊಡ್ಡ ಗಲಾಟೆಯಾಯಿತು. ನಮ್ಮಲ್ಲಿ ಕನ್ನಡಿ ನೋಡುವ ಪದ್ಧತಿ ಅಷ್ಟಾಗಿ ಇಲ್ಲದ್ದರಿಂದ ಆ ಬರಹವನ್ನು ಡಿಕ್ಕಿಗೆ ವರ್ಗಾಯಿಸಲಾಗಿದ್ದು, ಸ್ಟಿಕ್ಕರ್ ಪಂಥದ ಉಗಮ ಇಲ್ಲೇ ಎಂದು ನಮ್ಮ ಊಹೆ. ಈ ಪಂಥವನ್ನು ಹಗುರವಾಗಿ ಕಾಣಬಾರದು. ಅದರ ಟರ್ಬೋ ಕೆಲವೇ ಗ್ರಾಂ ತೂಗುತ್ತದೆ, ಬಿಸಿಯಾಗುವುದಿಲ್ಲ, ಆಯಿಲ್ ಕುಡಿಯುವುದಿಲ್ಲ. ಸೈಲೆನ್ಸರಿನ ಬಾಯಿಗೆ ಸಿಕ್ಕಿಸುವ ಪೀಪಿಯೊಂದನ್ನು ಕೊಂಡರೆ ಸದ್ದೂ ಬರುತ್ತದೆ. ನಿಜವಾದ ಟರ್ಬೋ ಕೂರಿಸಿದ ಅನೇಕ ಕಾರುಗಳಿಗಿಂತ ಈ ಪಂಥದ ಕಾರುಗಳು ಹೆಚ್ಚು ದಿನ ರಸ್ತೆಯ ಮೇಲಿರುತ್ತವೆ.

ಈಗ ಪ್ರಧಾನ ವಿಷಯಕ್ಕೆ ಬರೋಣ. ಟರ್ಬೋ ಜೋಡಣೆಯ ತರ್ಕವನ್ನು ಅರುಂಧತೀ ನ್ಯಾಯದಿಂದಾಗಲಿ ಬೀಜಾಂಕುರ ನ್ಯಾಯದಿಂದಾಗಲಿ ವಿವರಿಸಲಾಗದು. ಇಲ್ಲಿ ಸಲ್ಲುವುದು ಕೌಪೀನ ನ್ಯಾಯ. ಸನ್ಯಾಸಿಯ ಕೌಪೀನವನ್ನು ಇಲಿ ಕಡಿಯಿತೆಂದು ಬೆಕ್ಕು, ಬೆಕ್ಕಿನ ಹಾಲಿಗೆ ಹಸು, ಹಸುವನ್ನು ನೋಡಿಕೊಳ್ಳಲು ಹೆಂಡತಿ ಬಂದ ಕಥೆ ಎಲ್ಲರಿಗೂ ಗೊತ್ತು. ಪ್ರಕೃತದಲ್ಲಿ ಗುಜರಿಯಿಂದ ತಂದ ಟರ್ಬೋ ಬೆಕ್ಕು.

ಅದು ಅರ್ಧ ಬಾರ್ ಒತ್ತಡ ಕೊಟ್ಟಿತೆನ್ನಿ. ಕಾಗದದ ಮೇಲೆ ನಲವತ್ತು ಕುದುರೆ ಅರವತ್ತಾಗುತ್ತವೆ. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ. 30 ಡಿಗ್ರಿಯಲ್ಲಿ ಒಳಹೊಕ್ಕದ್ದು 80 ದಾಟಿ ಹೊರಬರುತ್ತದೆ. ಬಿಸಿ ಗಾಳಿಗೆ ನಾಕಿಂಗ್. ನಾಕಿಂಗ್ ತಪ್ಪಿಸಲು ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್. ಅದನ್ನು ರೇಡಿಯೇಟರಿನ ಮುಂದೆ ಕಟ್ಟಿದರೆ ರೇಡಿಯೇಟರಿಗೆ ಗಾಳಿ ಸಾಲದು, ದೊಡ್ಡ ಫ್ಯಾನು ಬೇಕು. ಅಷ್ಟಾದರೂ ಹೆಡ್ ಗ್ಯಾಸ್ಕೆಟ್ ಉಳಿಯುವ ಭರವಸೆ ಇಲ್ಲ. ಕಂಪ್ರೆಷನ್ ಇಳಿಸಲು ಪಿಸ್ಟನ್ ಬದಲಿಸಬೇಕು. ಪಿಸ್ಟನ್ ಬದಲಿಸುವುದಾದರೆ ಹೇಗೂ ಬಿಚ್ಚಿದ್ದೀವಲ್ಲ ಎಂದು ಬೋರ್ ಕೂಡ ಮಾಡಿಸಬೇಕು. ‘ಹೇಗೂ ಬಿಚ್ಚಿದ್ದೀವಲ್ಲ ಸಾರ್’ ಎಂಬುದು ಗ್ಯಾರೇಜ್ ವೇದಾಂತದ ಮಹಾವಾಕ್ಯ. ಇದನ್ನು ಕೇಳಿದ ಮೇಲೆ ಮಾಲೀಕನಿಗೆ ಉಳಿತಾಯ ಖಾತೆಯ ಮೇಲಿನ ಮೋಹ ತಾನಾಗಿ ಬಿಡುತ್ತದೆ.

ಆಯಿಲಿನ ಪ್ರಕರಣ ಬೇರೆ. ಟರ್ಬೋದ ದಂಡ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ತೆಳ್ಳನೆಯ ಆಯಿಲ್ ಪದರದ ಮೇಲೆ ತೇಲಿಕೊಂಡು. ಹೋದ ಆಯಿಲ್ ತನ್ನ ಭಾರಕ್ಕೆ ತಾನೇ ಇಳಿದು ವಾಪಸು ಬರಬೇಕು. ಅದಕ್ಕೆ ಚೇಂಬರಿಗೆ ತೂತು ಕೊರೆದು ಪೈಪು ವೆಲ್ಡ್ ಮಾಡಿಸಬೇಕು. ಗಾಡಿ ಓಡಿಸಿ ಬಂದ ಕೂಡಲೇ ಎಂಜಿನ್ ಆರಿಸುವಂತೆಯೂ ಇಲ್ಲ. ಕಾದ ಟರ್ಬೋದೊಳಗೆ ನಿಂತ ಆಯಿಲ್ ಸೀದು ಇದ್ದಿಲಾಗುತ್ತದೆ. ಆದ್ದರಿಂದ ಮನೆ ಮುಂದೆ ನಿಲ್ಲಿಸಿದ ಮಾರುತಿಯಲ್ಲಿ ಮಾಲೀಕ ಎಂಜಿನ್ ಚಾಲೂ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಾನೆ. ಮನೆಯೊಳಗೆ ಹೋಗಲು ಹೆದರಿಕೆ ಎಂದು ಅಕ್ಕಪಕ್ಕದವರು ಅರ್ಥ ಮಾಡುತ್ತಾರೆ. ಖರ್ಚಿನ ಚೀಟಿ ಅವನ ಜೇಬಿನಲ್ಲೇ ಇರುವುದರಿಂದ ಈ ಅರ್ಥವನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ.

ಕಾರ್ಬೊರೇಟರ್ ಎಲ್ಲಿರಬೇಕು ಎಂಬುದರಲ್ಲಿ ಎರಡು ಮಠಗಳಿವೆ. ಟರ್ಬೋಗೆ ಮೊದಲು ಇರಲಿ, ಅದು ಪೆಟ್ರೋಲ್ ಬೆರೆತ ಗಾಳಿಯನ್ನೇ ಎಳೆದುಕೊಳ್ಳಲಿ ಎಂಬುದು ಎಳೆತದ ಮಠ. ಇವರಿಗೆ ಇಂಟರ್‌ಕೂಲರ್ ನಿಷಿದ್ಧ; ಅದರ ತಣ್ಣನೆಯ ಹೊಟ್ಟೆಯಲ್ಲಿ ಪೆಟ್ರೋಲ್ ಕೂತುಬಿಡುತ್ತದೆ. ಟರ್ಬೋ ಆದಮೇಲೆ ಇರಲಿ ಎಂಬುದು ಊದಿನ ಮಠ. ಇವರು ಕಾರ್ಬೊರೇಟರಿನ ಫ್ಲೋಟ್ ಬಟ್ಟಲಿಗೂ ಅಷ್ಟೇ ಒತ್ತಡ ಕೊಟ್ಟು, ಅದಕ್ಕಿಂತ ಜೋರಾದ ಪಂಪಿನಿಂದ ಪೆಟ್ರೋಲ್ ತಳ್ಳದಿದ್ದರೆ ಪೆಟ್ರೋಲ್ ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗುತ್ತದೆ. ಎರಡೂ ಮಠದವರು ಪರಸ್ಪರರ ಕಾರಿನಲ್ಲಿ ಕೂರುವುದಿಲ್ಲ.

ಪೂರ್ವಪಕ್ಷಿ ಹೀಗೆನ್ನಬಹುದು: ‘ಇಷ್ಟೆಲ್ಲ ಮಾಡಿದ ಮೇಲೆ ಫಲವಾದರೂ ಇದೆಯಲ್ಲ?’ ಇದೆ. ಆದರೆ ಟರ್ಬೋ ತಿರುಗಲು ಜೋರಾದ ಹೊಗೆ ಬೇಕು, ಹೊಗೆ ಬರಲು ಎಂಜಿನ್ ಚೆನ್ನಾಗಿ ದುಡಿಯಬೇಕು, ದುಡಿಯಲು ಮುಂದೆ ಖಾಲಿ ರಸ್ತೆ ಬೇಕು. ಡ್ಯಾಶ್‌ಬೋರ್ಡಿನ ಮೇಲೆ ಡಬಲ್ ಟೇಪಿನಲ್ಲಿ ಅಂಟಿಸಿದ ಬೂಸ್ಟ್ ಮೀಟರಿನ ಮುಳ್ಳು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಸೊನ್ನೆಯ ಕೆಳಗೇ ಮಲಗಿರುತ್ತದೆ. ಟರ್ಬೋ ಇದೆ ಎಂಬುದಕ್ಕೆ ಅಲ್ಲಿ ಪ್ರತ್ಯಕ್ಷ ಪ್ರಮಾಣ ಸಿಗದು. ಬಿಲ್ಲಿನ ಮೂಲಕ ಅನುಮಾನ ಪ್ರಮಾಣವಷ್ಟೇ ಗತಿ.

ಕಾನೂನಿನ ವಿಚಾರ ಚುಟುಕಾಗಿ ಮುಗಿಸಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ‘ಸಿ.ಸಿ. ಅದೇ ಇದೆ, ಬಣ್ಣವೂ ಅದೇ’ ಎಂಬ ವಾದ ಟೀ ಅಂಗಡಿ ಪೀಠದಲ್ಲಿ ಗೆದ್ದಿದೆ. ಬಾನೆಟ್ ಎತ್ತಿ ನೋಡಿದ ಇನ್‌ಸ್ಪೆಕ್ಟರ ಮುಂದೆ ಗೆದ್ದ ಉಲ್ಲೇಖ ದೊರೆಯುವುದಿಲ್ಲ.

ಪೂರ್ವಪಕ್ಷಿಯ ಕೊನೆಯ ಪ್ರಶ್ನೆ ಒಂದುಂಟು. ಅರವತ್ತು ಕುದುರೆಗೆ ಕ್ಲಚ್ ಜಾರಿ, ಕ್ಲಚ್ ಸರಿಮಾಡಿದ ಮೇಲೆ ಗೇರ್‌ಬಾಕ್ಸ್ ಅತ್ತು, ಆಮೇಲೆ ಬ್ರೇಕು ಟೈರುಗಳೂ ಬದಲಾಗಿ, ಹಳೆಯ ಕಾರಿನದೆಂದು ಹಿಂದಿನ ಸೀಟಿನ ರೆಕ್ಸಿನ್ ಮಾತ್ರ ಉಳಿಯುವುದಾದರೆ, ಟರ್ಬೋ ಇರುವ ಕಾರನ್ನೇ ಕೊಳ್ಳಬಾರದೇಕೆ? ಅದೇ ಮಾರುತಿಯವರ ಫ್ರಾಂಕ್ಸ್, ಅದೇ ಮೂರು ಸಿಲಿಂಡರ್, 998 ಸಿ.ಸಿ., ಕಾರ್ಖಾನೆಯಲ್ಲೇ ಟರ್ಬೋ ಕೂರಿಸಿ 100 ಪಿ.ಎಸ್. ಶಕ್ತಿಯೊಂದಿಗೆ 2023ರಲ್ಲಿ ಬಂದಿತಲ್ಲ?

ಕೊಳ್ಳಬಹುದು. ಆದರೆ ಕೊಂಡವನು ಭಾನುವಾರ ಏನು ಮಾಡಬೇಕು? ವಾರಂಟಿ ಹೋಗುತ್ತದೆಂದು ಅವನು ಸ್ಪ್ಯಾನರ್ ಮುಟ್ಟುವಂತಿಲ್ಲ. ಜೆ.ಸಿ. ರಸ್ತೆಯಲ್ಲಿ ಅವನಿಗೆ ಕೆಲಸವಿಲ್ಲ, ಗುಜರಿಯಲ್ಲಿ ಪರಿಚಯವಿಲ್ಲ. ಗ್ಯಾರೇಜಿನ ಎದುರಿನ ಟೀ ಅಂಗಡಿಯಲ್ಲಿ ‘ಗಾಡಿ ಹೇಗಿದೆ?’ ಎಂದು ಯಾರಾದರೂ ಕೇಳಿದರೆ ‘ಚೆನ್ನಾಗಿದೆ’ ಎಂದುಬಿಡುತ್ತಾನೆ, ಮಾತು ಅಲ್ಲಿಗೇ ನಿಂತುಹೋಗುತ್ತದೆ. ಆದಕಾರಣ ಈ ಪ್ರಶ್ನೆಯನ್ನು ಶಾಸ್ತ್ರಬಾಹ್ಯವೆಂದು ತಿರಸ್ಕರಿಸಲಾಗಿದೆ.