ಪಿಕಪ್ಪಣ್ಣನ ಲಾಭದ ಲೆಕ್ಕ

ಹಳೇ ಪಿಕಪ್ ಇಟ್ಟುಕೊಂಡವರನ್ನು ಗುರುತಿಸೋಕೆ ಗಾಡಿ ನೋಡಬೇಕಾಗಿಲ್ಲ, ಅದನ್ನು ನಿಲ್ಲಿಸಿದ ಜಾಗ ನೋಡಿದರೆ ಸಾಕು. ಊರೆಲ್ಲ ನೆರಳು ಹುಡುಕಿದರೆ ಇವರು ಇಳಿಜಾರು ಹುಡುಕುತ್ತಾರೆ. ಬ್ಯಾಂಕಿನ ಮುಂದಾಗಲಿ, ಮದುವೆ ಛತ್ರದ ಮುಂದಾಗಲಿ, ನೆಲ ಎಲ್ಲಿ ಒಂದಿಷ್ಟು ವಾಲಿದೆಯೋ ಅಲ್ಲಿ ಹಳದಿ ಬೋರ್ಡಿನ ಗಾಡಿಯೊಂದು ಮೂತಿ ತಗ್ಗಿಗೆ ಮಾಡಿ ನಿಂತಿರುತ್ತದೆ. ಮುಂದಿನ ಚಕ್ರಕ್ಕೆ ಕಲ್ಲು. ಸೆಲ್ಫ್ ಯಾವಾಗ ಕೈಕೊಡುತ್ತದೋ ಹೇಳೋಕಾಗಲ್ಲ ಅಂತ ಇಳಿಜಾರು. ಹ್ಯಾಂಡ್‌ಬ್ರೇಕ್ ಆಗಲೇ ಕೈಕೊಟ್ಟಾಗಿದೆ ಅಂತ ಕಲ್ಲು.

ಕೋಲಾರದ ಕಡೆ ಇಂಥವರು ಊರಿಗಿಬ್ಬರಾದರೂ ಸಿಗುತ್ತಾರೆ. ಹೆಸರು ಏನೇ ಇರಲಿ, ಪಿಕಪ್ಪಣ್ಣ ಅಂತಲೇ ಕರೆಯೋಣ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಎರಡೆಕರೆ ತೋಟ ಇದ್ದವನಿಗೂ ಸ್ವಂತ ಗಾಡಿಯ ಆಸೆ ಹುಟ್ಟಿತು. ಪಿಕಪ್ಪಣ್ಣನ ಆಸೆ ಅದಕ್ಕಿಂತ ಒಂದು ಸೈಜು ದೊಡ್ಡದು, ಜೇಬು ಒಂದು ಸೈಜು ಚಿಕ್ಕದು. ಹೀಗಾಗಿ ಮೂರನೇ ಓನರ್ ಆಗಿ, 2,40,000 ಕೊಟ್ಟು, 2012ರ ಮಾಡಲ್ ಒಂದನ್ನು ಮನೆ ಮುಂದೆ ತಂದು ನಿಲ್ಲಿಸಿ, ನಿಂಬೆಹಣ್ಣು ಹತ್ತಿಸಿ, ಬೀದಿಗೆಲ್ಲ ಮೈಸೂರುಪಾಕು ಹಂಚಿದ.

ಕೊಳ್ಳುವ ದಿನ ಏನೇನು ನೋಡಿದ ಅಂದರೆ: ಪೇಂಟು, ಸೀಟ್ ಕವರು, ಹಾಡಿನ ಸೆಟ್ಟು, ಗಾಜಿನ ಮೇಲಿನ ಆಂಜನೇಯ. ಮಾರಿದವನು ಅರ್ಧ ಗಂಟೆ ಮುಂಚೆಯೇ ಇಂಜಿನ್ ಓಡಿಸಿ ಬಿಸಿ ಮಾಡಿಟ್ಟಿದ್ದ. ಬಾನೆಟ್ ಮೇಲೆ ಅಂಗೈ ಇಟ್ಟಿದ್ದರೂ ಗೊತ್ತಾಗುತ್ತಿತ್ತು. ಮೀಟರು 62,000 ಕಿಲೋಮೀಟರ್ ತೋರಿಸುತ್ತಿತ್ತು, ಕ್ಲಚ್ ಪೆಡಲ್ಲಿನ ರಬ್ಬರು ಮಾತ್ರ ಸವೆದು ತಗಡು ಕಾಣುತ್ತಿತ್ತು. ‘ಒಂದೇ ಕೈನಲ್ಲಿ ಓಡಿದ ಗಾಡಿ ಅಣ್ಣ’ ಅಂದ ಬ್ರೋಕರ್. ಇನ್ನೊಂದು ಕೈನಲ್ಲಿ ಗೇರ್ ಲಿವರ್ ಹಿಡಿದುಕೊಂಡೇ ಇರಬೇಕು, ಬಿಟ್ಟರೆ ಮೂರನೇ ಗೇರು ತಾನಾಗೇ ಕಳಚಿಕೊಳ್ಳುತ್ತದೆ ಅಂತ ತಿಳಿದದ್ದು ನರಸಾಪುರ ದಾಟಿದ ಮೇಲೆ.

ಮೊದಲ ತಿಂಗಳೇ ಕ್ಲಚ್ ಪ್ಲೇಟು. ಪ್ಲೇಟ್ ಬಿಚ್ಚಿದ ಮೇಲೆ ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು ಬಿಡೋಕಾಗುತ್ತಾ? ‘ಹೆಂಗೂ ಗೇರ್‌ಬಾಕ್ಸ್ ಇಳಿಸಿದ್ದೀವಲ್ಲಣ್ಣ’ ಅಂತಾನೆ ಮೇಸ್ತ್ರಿ. ಹಳೇ ಗಾಡಿಯವರ ಮನೆ ಮುರಿದಿರುವುದು ಬಿಡಿಭಾಗದ ಬೆಲೆಯಲ್ಲ, ಈ ‘ಹೆಂಗೂ’ ಅನ್ನೋ ಮಾತು. ಹೆಂಗೂ ಚಕ್ರ ಬಿಚ್ಚಿದ್ದೀವಿ, ಬ್ರೇಕ್ ಲೈನರ್ ಹಾಕಿಬಿಡೋಣ. ಹೆಂಗೂ ಲೈನರ್ ಹಾಕಿದ್ದೀವಿ, ವೀಲ್ ಸಿಲಿಂಡರ್ ಲೀಕ್ ಇದೆ ನೋಡಿ. ಆಮೇಲೆ ಹಿಂದಿನ ಬ್ಲೇಡ್ ಮುರಿಯಿತು, ಸೆಲ್ಫ್ ಸುಟ್ಟಿತು, ಡೈನಮೋ ಚಾರ್ಜ್ ಮಾಡದೆ ಹೊಸ ಬ್ಯಾಟರಿ ಕೂತಿತು, ಬಾಡಿಯ ತಗಡು ತುಕ್ಕು ತಿಂದು ಟೊಮೆಟೊ ರಸ ರಸ್ತೆಗೆ ಸುರಿಯಿತು.

ದೊಡ್ಡ ಹೊಡೆತ ಬಿದ್ದದ್ದು 2023ರ ಜುಲೈನಲ್ಲಿ. ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿ, ಜನ ತೋಟಕ್ಕೆ ರಾತ್ರಿ ಕಾವಲು ಕೂತಿದ್ದ ಕಾಲ. ಆಗಲೇ ಪಿಕಪ್ಪಣ್ಣನ ಗಾಡಿ ಬಿಸಿಯಾಗಿ ನಿಂತಿತು. ಆಯಿಲ್ ಕಡ್ಡಿ ಎಳೆದು ನೋಡಿದರೆ ಕರೀ ಆಯಿಲ್ ಬಾದಾಮಿ ಹಾಲಿನ ಬಣ್ಣಕ್ಕೆ ತಿರುಗಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರ್ ನೀರು ಆಯಿಲ್‌ಗೆ ಇಳಿದಿತ್ತು. ಮೂಲ ಕಾರಣ, ವರ್ಷಗಟ್ಟಲೆ ಕೂಲೆಂಟ್ ಬದಲು ಬೋರ್‌ವೆಲ್ ನೀರು ಕುಡಿಸಿದ್ದು. ಕೋಲಾರದ ಗಡಸು ನೀರಿಗೆ ರೇಡಿಯೇಟರ್ ಒಳಗೆಲ್ಲ ಉಪ್ಪು ಕಟ್ಟಿತ್ತು. ಹೆಡ್ ಲೇತಿಗೆ ಹೋಯಿತು, ಟೊಮೆಟೊ ಪಕ್ಕದ ಮನೆಯವರ ಗಾಡಿಯಲ್ಲಿ ಹೋಯಿತು. ಬಾಡಿಗೆ ಅವರಿಗೆ, 18,000 ಬಿಲ್ಲು ಇವನಿಗೆ.

ಇಷ್ಟಾದರೂ ಆಸಾಮಿಗೆ ನಷ್ಟ ಅನ್ನೋದೇ ಇಲ್ಲ. ಲೆಕ್ಕ ಕೇಳಿ ನೋಡಿ: ‘ಹೊಸ ಗಾಡಿ ತಗೊಂಡಿದ್ರೆ ತಿಂಗಳಿಗೆ 18,000 ಕಂತು ಕಟ್ಟಬೇಕಿತ್ತು. ಈ ತಿಂಗಳು ಗ್ಯಾರೇಜಿಗೆ 11,000 ಕೊಟ್ಟಿದ್ದೀನಿ. 7,000 ಉಳೀತಾ ಇಲ್ವಾ ಸಾರ್?’ ಹೆಡ್ ಕೆಲಸ ಮಾಡಿಸಿದ ತಿಂಗಳು ಲಾಭವೂ ಇಲ್ಲ, ನಷ್ಟವೂ ಇಲ್ಲ, ಸರಿಸಮ. ಹೀಗೆ ಉಳಿಸಿದ ದುಡ್ಡು ಈಗಾಗಲೇ ಒಂದೂವರೆ ಲಕ್ಷ ದಾಟಿದೆಯಂತೆ. ಅದು ಎಲ್ಲಿದೆ ಅಂತ ಮಾತ್ರ ಯಾರೂ ಕೇಳಬಾರದು.

ಬಿಲ್ಲು ಅವನು ಬಿಸಾಡುವುದಿಲ್ಲ. ಕೂಡಿಸೋಕೆ ಇಟ್ಟುಕೊಂಡಿದ್ದಾನೆ ಅಂದುಕೊಳ್ಳಬೇಡಿ. ಎಡಗಡೆ ಬಾಗಿಲಿನ ಗಾಜು ಲಟಲಟ ಅನ್ನದಿರಲಿ ಅಂತ ಕ್ಲಚ್ಚಿನ ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಸಂದಿಗೆ ತುರುಕಿದ್ದಾನೆ. ಡ್ಯಾಶ್‌ಬೋರ್ಡ್ ಸದ್ದಿಗೆ ಹೆಡ್ ಕೆಲಸದ ಬಿಲ್ಲು ಬೇಕಾಯಿತು, ಅದು ಸ್ವಲ್ಪ ದಪ್ಪ.

ಆದರೆ ಒಂದು ಮಾತು ಹೇಳಲೇಬೇಕು, ಡೀಸೆಲ್ ಲೈನಿಗೆ ಏರ್ ಹಿಡಿದಾಗ ಇವನ ಕೈ ನೋಡಬೇಕು. ಮುಳ್ಳು ಯಾವಾಗಲೂ ಅರ್ಧ ಟ್ಯಾಂಕ್ ತೋರಿಸುವುದರಿಂದ ಗಾಡಿ ಆಗಾಗ ಖಾಲಿ ಟ್ಯಾಂಕಲ್ಲಿ ನಿಲ್ಲುತ್ತದೆ. ಕ್ಯಾನಲ್ಲಿ ಡೀಸೆಲ್ ತಂದು ಸುರಿದರಷ್ಟೇ ಸಾಲದು, ಒಳಗೆ ಸೇರಿದ ಗಾಳಿ ತೆಗೆಯಬೇಕು. ಪಂಚೆ ಎತ್ತಿ ಕಟ್ಟಿ, ಫಿಲ್ಟರ್ ಮೇಲಿನ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಹೆಬ್ಬೆರಳಲ್ಲಿ ಕೈಪಂಪು ಒತ್ತುತ್ತಾನೆ. ಮೊದಲು ಬುಸ್ಸೆಂದು ನೊರೆ, ಆಮೇಲೆ ಗುಳ್ಳೆ ಗುಳ್ಳೆಯಾಗಿ ಡೀಸೆಲ್. ಗುಳ್ಳೆ ನಿಂತು ಧಾರೆ ಸಾಫಾಗಿ ಬಂದ ಗಳಿಗೆಗೆ ಪಂಪು ಒತ್ತಿ ಹಿಡಿದೇ ಸ್ಕ್ರೂ ಬಿಗಿಯುತ್ತಾನೆ. ಗಾಡಿ ಕೆಮ್ಮಿ ಕರೀ ಹೊಗೆ ಬಿಟ್ಟು ಸ್ಟಾರ್ಟ್ ಆದಾಗ ಸುತ್ತ ನಿಂತವರ ಕಡೆ ಒಂದು ನೋಟ. ‘ಬಿಎಸ್-6 ಗಾಡಿ ಆಗಿದ್ರೆ ಲ್ಯಾಪ್‌ಟಾಪ್ ಬರೋ ತನಕ ಕಾಯಬೇಕಿತ್ತು.’

ಈ ವಿದ್ಯೆಯಿಂದಾಗಿ ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋಗುವವರೆಲ್ಲ ಪಿಕಪ್ಪಣ್ಣನನ್ನೇ ಕರೆದೊಯ್ಯುತ್ತಾರೆ. ಬೆಳಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಬೇಕು ಅನ್ನುತ್ತಾನೆ. ಆಯಿಲ್ ಮುಚ್ಚಳ ತೆಗೆದು ಓಡಿಸಿ ಹೊಗೆ ನುಗ್ಗುತ್ತಾ ಅಂತ ಇಣುಕುತ್ತಾನೆ, ಗಾಡಿ ಕೆಳಗೆ ಮಲಗಿ ಚಾಸಿಗೆ ವೆಲ್ಡಿಂಗ್ ಬಿದ್ದಿದೆಯಾ ಅಂತ ಟಾರ್ಚ್ ಹಾಕುತ್ತಾನೆ. ನೀಲಿ ಹೊಗೆ ಬಂದರೆ ರಿಂಗ್ ಹೋಗಿದೆ, ಮುಟ್ಟಬೇಡಿ ಅಂತ ಅಲ್ಲೇ ತೀರ್ಪು. ಆ ಹೊತ್ತಿಗೆ ಇವನ ಗಾಡಿ ರಸ್ತೆ ಬದಿಯಲ್ಲಿ ನೀಲಿ ಹೊಗೆ ಬಿಡುತ್ತಾ ನಿಂತಿರುತ್ತದೆ. ಆರಿಸಿದರೆ ಮತ್ತೆ ಸ್ಟಾರ್ಟ್ ಆಗುವ ಭರವಸೆ ಇಲ್ಲವಲ್ಲ!

ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷ ವರ್ಷವೂ ಎಫ್‌ಸಿ ಆಗಬೇಕು. ಅದಕ್ಕೆ ಮುಂಚಿನ ವಾರ ಟಯರು ಭಾವಮೈದುನನ ಗಾಡಿಯಿಂದ, ಇಂಡಿಕೇಟರ್ ಬಲ್ಬು ಪಕ್ಕದ ಆಟೋದಿಂದ ಬರುತ್ತದೆ. ಮುಂದೆ ಬಿಳಿ, ಹಿಂದೆ ಕೆಂಪು, ಅಕ್ಕಪಕ್ಕ ಹಳದಿ ಅಂತ ಸ್ಟಿಕರ್ ಪಟ್ಟಿ ಮಾತ್ರ ಸ್ವಂತದ್ದು. ಅದನ್ನು ತುಕ್ಕಿನ ಮೇಲೆ ಅಂಟಿಸಿದರೆ ಒಂದೇ ಕಲ್ಲಿಗೆ ಎರಡು ಹಕ್ಕಿ.

ಮೊನ್ನೆ ಯಾರೋ ಗಾಡಿಯನ್ನು 1,60,000ಕ್ಕೆ ಕೇಳಿದರಂತೆ. ಪಿಕಪ್ಪಣ್ಣ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ‘ಕ್ಲಚ್ ಹೊಸದು, ಹೆಡ್ ಹೊಸದು, ಸೆಲ್ಫ್ ಹೊಸದು. ಹಳೇದು ಅಂತ ಇದರಲ್ಲಿ ಏನಿದೆ ಸಾರ್?’ ಆ ಸಿಟ್ಟಿಗೆ ಅವನು ಮಾಡಿದ ಕೆಲಸ ಏನು ಗೊತ್ತಾ, ಅದೇ ಮಾಡಲಿನ ಇನ್ನೊಂದು ಕೆಟ್ಟ ಪಿಕಪ್ಪನ್ನು 70,000 ಕೊಟ್ಟು ಎಳೆಸಿಕೊಂಡು ಬಂದ. ಸ್ಪೇರ್ ಪಾರ್ಟ್ಸ್‌ಗೆ. ಇನ್ನು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗೋ ಬಸ್ ಚಾರ್ಜೂ ಉಳಿತಾಯ.

ಮೇಸ್ತ್ರಿ ಬಂದ. ಎರಡರ ಕೆಳಗೂ ನುಗ್ಗಿ ನೋಡಿದ, ಎರಡರ ಆಯಿಲ್ ಕಡ್ಡಿಯನ್ನೂ ಎಳೆದು ಬಟ್ಟೆಗೆ ಒರೆಸಿ ನೋಡಿದ. ಎದ್ದು ಕೈ ಒರೆಸಿಕೊಳ್ಳುತ್ತಾ ಕೇಳಿದ:

‘ಅಣ್ಣ, ಇದರಲ್ಲಿ ಯಾವುದು ಗಾಡಿ, ಯಾವುದು ಸ್ಪೇರು?’