ಮೇಳದ ಮ್ಯಾನೇಜರು

ಎಚ್.ಆರ್. ಎಂದು ಮೊಟಕಾಗಿ ಕರೆಯಲಾಗುವ ಮಾನವ ಸಂಪನ್ಮೂಲ ವಿಭಾಗವು ದೊಡ್ಡ ನಗರಗಳಲ್ಲಿ ಗಾಜಿನ ಕೋಣೆಯೊಳಗೆ ವಾಸಿಸುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಅದು ಕಂಕುಳಲ್ಲಿ ಚೀಲವನ್ನೂ ಜೇಬಿನಲ್ಲಿ ಎರಡು ಮೊಬೈಲುಗಳನ್ನೂ ಇಟ್ಟುಕೊಂಡು, ದೀಪಾವಳಿ ಕಳೆದಲ್ಲಿಂದ ಮಳೆ ಹಿಡಿಯುವವರೆಗೆ ಊರೂರು ತಿರುಗುತ್ತದೆ. ಜನ ಅದನ್ನು ಮೇಳದ ಮ್ಯಾನೇಜರು ಎನ್ನುತ್ತಾರೆ. ಯಕ್ಷಗಾನ ಮೇಳದಲ್ಲಿ ಹಣ ಹೂಡುವ ಯಜಮಾನರು ಬೇರೆ, ಆಟವನ್ನು ನಡೆಸುವ ಭಾಗವತರು ಬೇರೆ. ಯಜಮಾನರ ಹಣವನ್ನು ಕಲಾವಿದರಿಗೂ ಕಲಾವಿದರ ಸಿಟ್ಟನ್ನು ಯಜಮಾನರಿಗೂ ಕಂತುಗಳಲ್ಲಿ ತಲುಪಿಸುವವರು ಮಾತ್ರ ಮ್ಯಾನೇಜರು.

ನೌಕರನು ಕೆಲಸಕ್ಕೆ ಮೈಯನ್ನಷ್ಟೇ ಅಲ್ಲದೆ ಮನಸ್ಸನ್ನೂ ತರುವುದಕ್ಕೆ ಎಂಪ್ಲಾಯಿ ಎಂಗೇಜ್‌ಮೆಂಟ್ ಎಂದು ಹೆಸರು. ಅಮೆರಿಕದ ವಿಲಿಯಂ ಕಾನ್ 1990ರಲ್ಲಿ ಈ ವಿಚಾರವನ್ನು ಮಂಡಿಸಿದ್ದು ಒಂದು ಬೇಸಿಗೆ ಶಿಬಿರವನ್ನೂ ಒಂದು ವಾಸ್ತುಶಿಲ್ಪ ಸಂಸ್ಥೆಯನ್ನೂ ನೋಡಿ. ಮೇಳದ ಚೌಕಿಯನ್ನು, ಅಂದರೆ ವೇಷ ಕಟ್ಟುವ ಬಿಡಾರವನ್ನು ನೋಡಿದ್ದರೆ ಅವರ ಪ್ರಬಂಧ ಇನ್ನಷ್ಟು ಉದ್ದವಾಗುತ್ತಿತ್ತು, ಪ್ರಾಯಶಃ ಮುಗಿಯುತ್ತಲೇ ಇರಲಿಲ್ಲ. ಚೌಕಿಯಲ್ಲಿ ಯಾರ ಪಕ್ಕದಲ್ಲಿ ಯಾರು ಕೂರಬೇಕೆಂಬುದು ವೇಷದ ಅಂತಸ್ತಿನಿಂದ ನಿರ್ಧಾರವಾಗುವುದರಿಂದ, ಕಂಪನಿಗಳು ಗೋಡೆಗೆ ತೂಗುಹಾಕುವ ಹುದ್ದೆಗಳ ನಕ್ಷೆ ಇಲ್ಲಿ ಚಾಪೆಯಾಗಿ ನೆಲದ ಮೇಲೆ ಹಾಸಿರುತ್ತದೆ. ಗ್ಯಾಲಪ್ ಸಂಸ್ಥೆ ನೌಕರರಿಗೆ ಕೇಳುವ 12 ಪ್ರಶ್ನೆಗಳಲ್ಲಿ, ಕೆಲಸದ ಜಾಗದಲ್ಲಿ ಆಪ್ತಮಿತ್ರರಿದ್ದಾರೆಯೇ ಎಂಬುದೂ ಒಂದು. ಮ್ಯಾನೇಜರಿಗೆ ಬೇಕಾದ ಮಾಹಿತಿ ಇದಕ್ಕೆ ತದ್ವಿರುದ್ಧವಾದದ್ದು: ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎಂಬುದನ್ನು ಅವರು ಚಹಾದ ಹೊತ್ತಿಗೇ ಪತ್ತೆಹಚ್ಚಬೇಕು, ಏಕೆಂದರೆ ಹಾಗೆ ಮಾತು ಬಿಟ್ಟವರೇ ಆ ರಾತ್ರಿ ಕೃಷ್ಣನೂ ಅರ್ಜುನನೂ ಆಗಿಬಿಟ್ಟರೆ ಕಾಳಗವು ಪ್ರಸಂಗಕರ್ತನು ಬರೆದದ್ದಕ್ಕಿಂತ ದೀರ್ಘವಾಗುತ್ತದೆ.

ಮ್ಯಾನೇಜರ ಆಡಳಿತವೆಲ್ಲ ಒಂದು ಪದದ ಮೇಲೆ ನಿಂತಿದೆ. ‘ಕಾಂಬ’ ಎಂದರೆ ಕುಂದಾಪ್ರ ಕನ್ನಡದಲ್ಲಿ ನೋಡೋಣ ಎಂದರ್ಥ. ಮ್ಯಾನೇಜರ ಬಾಯಲ್ಲಿ ಅದು ಪಾರಿಭಾಷಿಕ ಪದ. “ಹ್ವಾಯ್ ಮ್ಯಾನೇಜ್ರೇ, ನಾಳಿಗ್ ಮನೀಗ್ ಹೋಯ್ಕಿತ್ತ್” ಎಂದು ಸ್ತ್ರೀವೇಷದವರು ರಜೆ ಕೇಳಿದಾಗ ಬರುವ ಮೊಟಕು ‘ಕಾಂಬ’ಕ್ಕೆ ಇಲ್ಲ ಎಂದೂ, ಸಂಬಳ ಹೆಚ್ಚಿಸುವ ಮಾತಿಗೆ ಬರುವ ಎಳೆದ ‘ಕಾಂಬಾ’ಕ್ಕೆ ಮುಂದಿನ ವರ್ಷ ಎಂದೂ, ಹೆಗಲ ಮೇಲೆ ಕೈಯಿಟ್ಟು ಆಡುವ “ಕಾಂಬ ಮಾರಾಯ್ರೆ”ಗೆ ಹೌದು, ಆದರೆ ಯಾರಿಗೂ ಹೇಳಬೇಡಿ ಎಂದೂ ತಿಳಿಯಬೇಕು. ಪಾತ್ರ ಹಂಚುವುದು ಭಾಗವತರ ಅಧಿಕಾರವಾದರೂ, ಒಳ್ಳೆಯ ಪಾತ್ರ ಸಿಗದವರ ಬೈಗುಳವನ್ನು ಕೇಳಿಸಿಕೊಳ್ಳುವ ಹುದ್ದೆ ಮ್ಯಾನೇಜರದ್ದೇ.

ಹೊಸ ಪ್ರವೃತ್ತಿಗಳು ಅವರನ್ನೂ ಬಿಟ್ಟಿಲ್ಲ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅಂಕುಶ ಹಾಕಿದ 2000ದ ನಿಯಮಾವಳಿಯೂ ಪ್ರೇಕ್ಷಕರ ನಿದ್ದೆಯೂ ಸೇರಿ, ಬೆಳಗಿನವರೆಗೆ ನಡೆಯುತ್ತಿದ್ದ ಆಟಗಳಲ್ಲಿ ಹಲವು ಕಾಲಮಿತಿಯ ಆಟಗಳಾಗಿ, ಅಂದರೆ ಕೆಲವೇ ಗಂಟೆಗಳಲ್ಲಿ ಮಂಗಳ ಹಾಡುವ ಆಟಗಳಾಗಿ ಬದಲಾದವು. ಉಳಿದ ಹೊತ್ತಿನಲ್ಲಿ ಕಲಾವಿದರು ವಿಶ್ರಾಂತಿ ಪಡೆಯುವರೆಂದು ಮ್ಯಾನೇಜರು ಎಣಿಸಿದ್ದರು. ಅವರು ಅತಿಥಿ ಕಲಾವಿದರಾಗಿ ಬೇರೆ ಆಟಕ್ಕೆ ಹೊರಟರು. ಒಂದೆಡೆ ಸಂಬಳ ಪಡೆಯುತ್ತಲೇ ಇನ್ನೊಂದೆಡೆ ದುಡಿಯುವುದನ್ನು ಐಟಿ ಕಂಪನಿಗಳು ಮೂನ್‌ಲೈಟಿಂಗ್ ಎನ್ನುತ್ತವೆ, ಮತ್ತು 2022ರಲ್ಲಿ ವಿಪ್ರೊ ಈ ಕಾರಣಕ್ಕೆ 300 ಮಂದಿಯನ್ನು ಮನೆಗೆ ಕಳುಹಿಸಿತು. ಹಗಲು ಶಾಲೆಯಲ್ಲಿ ಪಾಠ ಹೇಳಿ ರಾತ್ರಿ ಗೆಜ್ಜೆ ಕಟ್ಟುವ ಮೇಷ್ಟ್ರುಗಳನ್ನು ಕಂಡು ಬೆಳೆದ ಮ್ಯಾನೇಜರಿಗೆ ಇದೊಂದು ಅಪರಾಧವೆಂದು ತಿಳಿದದ್ದೇ ಪತ್ರಿಕೆ ಓದಿ. ವಿಮೆ, ಮನೆ ಮುಂತಾದ ಕಲ್ಯಾಣ ಕಾರ್ಯಗಳನ್ನು 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗ ಮಾಡುತ್ತಿರುವುದರಿಂದ, ಆ ವಿಷಯದಲ್ಲಿ ಮ್ಯಾನೇಜರ ಕೊಡುಗೆ ಸಭೆಯ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುವುದಕ್ಕೆ ಸೀಮಿತವಾಗಿದೆ.

ಅವರ ನಿಜವಾದ ಪರೀಕ್ಷೆ ಬೇರೆಯೇ ಇದೆ. ಮಂದಾರ್ತಿಯ ಐದು ಮೇಳಗಳ ಹರಕೆ ಆಟಕ್ಕೆ ಭಕ್ತರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳು ಟಿಕೇಟಿಗೆ ಜನ ಸೇರಿಸಬೇಕು. ಎರಡೂ ಕಡೆ ಬಂದ ಜನ ಕಾಯುತ್ತಾರೆ, ಹೊರಟುಹೋಗುವವರು ವೇಷಧಾರಿಗಳು. ಇದನ್ನು ಎಚ್.ಆರ್. ಪುಸ್ತಕಗಳು ಅಟ್ರಿಷನ್ ಎಂದೂ, ತಡೆಯುವ ಉಪಾಯಕ್ಕೆ ರಿಟೆನ್ಷನ್ ಎಂದೂ ಹೇಳುತ್ತವೆ. ಮೇಳದಲ್ಲಿ ಅದರ ಹೆಸರು ಮುಂಗಡ. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚಿದೊಡನೆ ಒಪ್ಪಂದವೂ ಬಿಚ್ಚಿಕೊಳ್ಳುವುದರಿಂದ, ಎದುರು ಮೇಳದ ಮ್ಯಾನೇಜರಿಗಿಂತ ಮೊದಲೇ ಕಲಾವಿದರ ಮನೆ ಮುಟ್ಟುವುದು ಮಳೆಗಾಲದ ಮುಖ್ಯ ಕಾರ್ಯಕ್ರಮ. ಆರು ತಿಂಗಳು ರಜೆ ಕೊಡದವರು ಆಗ ಕೊಡೆ ಮಡಿಸಿ, ಕಾಲು ತೊಳೆದು, ಚಾವಡಿಯ ಬೆಂಚಿನ ತುದಿಯಲ್ಲಿ ಕೂರುತ್ತಾರೆ. ಮಗಳ ಓದನ್ನೂ ದನದ ಕರುವನ್ನೂ ಅಜ್ಜಿಯ ಮಂಡಿನೋವನ್ನೂ ಹೆಸರುಹಿಡಿದು ವಿಚಾರಿಸುತ್ತಾರೆ. ಹಲಸಿನ ಹಪ್ಪಳ ಮೂರನೆಯ ಸಲ ಬಂದರೂ ಬೇಡವೆನ್ನುವುದಿಲ್ಲ. ಕೊನೆಗೆ ಲಕೋಟೆಯನ್ನು ಮೆಲ್ಲನೆ ಬೆಂಚಿನ ಮೇಲಿಟ್ಟು, “ಈ ಸರ್ತಿಯೂ ನಮ್ಮ ಮೇಳವೇ ಅಲ್ದಾ?” ಎಂದು ಕೇಳುತ್ತಾರೆ.

ಸ್ತ್ರೀವೇಷದವರು ಅಂಗಳದ ಮಳೆಯನ್ನು ಸ್ವಲ್ಪ ಹೊತ್ತು ನೋಡಿ, ಲಕೋಟೆಯನ್ನು ಮುಟ್ಟದೆ, ಮೊಟಕಾಗಿ ಹೇಳುತ್ತಾರೆ: “ಕಾಂಬ.”