ವಿಸಿಟಿಂಗ್ ಚಾರ್ಜ್ ಮೀಮಾಂಸೆ

ಗೃಹಯಂತ್ರಶಾಸ್ತ್ರದಲ್ಲಿ ಇನ್ನೂ ಬಗೆಹರಿಯದ ಪ್ರಶ್ನೆ ಒಂದೇ: ವಾಷಿಂಗ್ ಮೆಷೀನು ವಾರಂಟಿಯಲ್ಲಿರುವಾಗ ಅದನ್ನು ನೋಡಲು ಬಂದವನು ಎಲ್ಲಿರುತ್ತಾನೆ? ವಾರಂಟಿ ಕಾರ್ಡಿನ ಕಡೇ ಪುಟವನ್ನು ಭೂತಗನ್ನಡಿ ಹಿಡಿದು ವ್ಯಾಸಂಗ ಮಾಡಿದ ಪ್ರಸ್ತುತ ಲೇಖಕನ ಸಿದ್ಧಾಂತವಿದು: ವಸ್ತು ವಾರಂಟಿಯೊಳಗಿದೆ, ವಸ್ತುವಿನವರೆಗಿನ ದಾರಿ ವಾರಂಟಿಯ ಹೊರಗಿದೆ.

1. ಅರ್ಥವಾದ ಪ್ರಕರಣ

ಪೂರ್ವಮೀಮಾಂಸಕರು ವೇದವಾಕ್ಯಗಳನ್ನು ವಿಂಗಡಿಸುತ್ತ ವಿಧಿ ಬೇರೆ, ಅರ್ಥವಾದ ಬೇರೆ ಎಂದರು. ವಿಧಿ ಎಂದರೆ ಮಾಡಲೇಬೇಕಾದದ್ದು. ಅರ್ಥವಾದವೆಂದರೆ ಅದಕ್ಕೆ ಹುಮ್ಮಸ್ಸು ತುಂಬುವ ಹೊಗಳಿಕೆ; ಅದಕ್ಕೆ ಸ್ವತಂತ್ರ ಪ್ರಾಮಾಣ್ಯವಿಲ್ಲ. ಅಂಗಡಿಯಲ್ಲಿ ಮೆಷೀನಿನ ನೆತ್ತಿಯ ಮೇಲೆ ಹೊಳೆಯುವ ‘ಮೋಟರಿಗೆ 10 ವರ್ಷ’ ಎಂಬ ಸ್ಟಿಕ್ಕರು ಶುದ್ಧ ಅರ್ಥವಾದ. ‘ಮೊದಲ ವರ್ಷದ ನಂತರ ವಿಸಿಟಿಂಗ್, ಲೇಬರ್, ಸಾಗಣೆ ಗ್ರಾಹಕರ ಖರ್ಚು’ ಎಂಬ ಒಳಪುಟದ ಸಾಲೇ ವಿಧಿ. ಫ್ರಿಜ್ಜಿನ ಕಂಪ್ರೆಸರ್ ಪುಕ್ಕಟೆ, ಅದಕ್ಕೆ ತುಂಬುವ ಗ್ಯಾಸಿಗೆ ದುಡ್ಡು. ಗ್ಯಾಸಿಲ್ಲದ ಕಂಪ್ರೆಸರನ್ನು ಇಟ್ಟುಕೊಂಡು ಏನು ಮಾಡಬೇಕೆಂಬುದಕ್ಕೆ ಭಾಷ್ಯಕಾರರು ಮೌನ.

2. ಪಂಚಭೇದ ಪ್ರಕರಣ

ಮಧ್ವಾಚಾರ್ಯರು ಐದು ಭೇದಗಳು ಸತ್ಯವೆಂದರು. ಸರ್ವೀಸ್ ಸೆಂಟರುಗಳು ಕಟ್ಟಾ ದ್ವೈತಿಗಳು. ಐದನ್ನೂ ಕಾಪಾಡಿಕೊಂಡು ಬಂದಿವೆ.

ಈಶ–ಜೀವ ಭೇದ: ಕಂಪನಿ ಬೇರೆ, ಗ್ರಾಹಕ ಬೇರೆ, ನಡುವೆ ‘ಕನ್ನಡಕ್ಕಾಗಿ ಎರಡನ್ನು ಒತ್ತಿ’ ಎನ್ನುವ ಅಶರೀರವಾಣಿ. ಈಶ–ಜಡ ಭೇದ: ಮೆಷೀನಿನ ಮೇಲಿರುವ ಹೆಸರು ಕಂಪನಿಯದು, ಮಾರಿದ್ದು ಡೀಲರು, ರಿಪೇರಿಗೆ ಬರುವ ಹುಡುಗ ಫ್ರಾಂಚೈಸಿಯವನು, ಬೈಯಿಸಿಕೊಳ್ಳುವವನು ಮಾತ್ರ ಆ ಹುಡುಗನೇ. ಜೀವ–ಜೀವ ಭೇದ: ನಗರಸಭೆ ಗಡಿಯೊಳಗಿನ ಗ್ರಾಹಕ ಬೇರೆ, ಆಚೆಯವನು ಬೇರೆ, ಆಚೆಯವನು ಓಡಾಟದ ಖರ್ಚನ್ನೂ ಕೊಡತಕ್ಕದ್ದು. ಜೀವ–ಜಡ ಭೇದ: ಮೆಷೀನು ತಾನಾಗಿ ಕೆಟ್ಟದ್ದು ಬೇರೆ, ನೀವು ಕೆಡಿಸಿದ್ದು ಬೇರೆ. ಏರಿಳಿಯುವ ವೋಲ್ಟೇಜು, ಬೋರ್‌ವೆಲ್ ನೀರಿನ ಉಪ್ಪು, ವೈರು ಕಡಿದ ಇಲಿ, ಇವೆಲ್ಲ ಶಾಸ್ತ್ರರೀತ್ಯಾ ನಿಮ್ಮ ಕುಟುಂಬದ ಸದಸ್ಯರು. ಜಡ–ಜಡ ಭೇದ: ಮೋಟರು ದೀರ್ಘಾಯು, ಅದನ್ನು ಆಡಿಸುವ ಬೋರ್ಡು ಅಲ್ಪಾಯು, ರಬ್ಬರು–ಪ್ಲಾಸ್ಟಿಕ್ಕು–ಗಾಜಿಗೆ ಜಾತಕವೇ ಬರೆದಿಲ್ಲ.

3. ಪ್ರಯೋಗ ಪ್ರಕರಣ

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮೆಷೀನು ನೀರು ಹೊರಹಾಕದೆ ಗುರುಗುಡುತ್ತಿತ್ತು. ಬಂದ ಹುಡುಗ ಕೆಳಗಿನ ಮುಚ್ಚಳ ತೆಗೆದು, ಚಾಪೆ ಒದ್ದೆ ಮಾಡಿ, ಡ್ರೈನ್ ಪಂಪಿನ ಫಿಲ್ಟರ್ ತಿರುಗಿಸಿ ಎಳೆದ. ಕೂದಲು, ನೂಲು, ಒಂದು ಗುಂಡಿ, ಹತ್ತು ರೂಪಾಯಿಯ ನಾಣ್ಯ.

“ಐನೂರು ಆಗುತ್ತೆ ಮೇಡಂ. ಜಿಎಸ್‌ಟಿ ಬೇರೆ.”

“ಅಲ್ಲಪ್ಪಾ, ತಗೊಂಡು ಆರು ತಿಂಗಳಾಗಿಲ್ಲ, ವಾರಂಟಿ ಇದೆಯಲ್ಲ?”

“ಮೆಷೀನಿಗಿದೆ ಮೇಡಂ. ಕಾಯಿನ್‌ಗಿಲ್ಲ.”

ಈ ಉತ್ತರದ ತಾರ್ಕಿಕ ಬಿಗಿಯನ್ನು ನೈಯಾಯಿಕರೂ ಸಡಿಲಿಸಲಾರರು. ದೋಷ ಸಿಕ್ಕರೆ ಅದು ಬಳಕೆಯ ದೋಷ. ಸಿಗದೆ ಹೋದರೆ, ದೋಷವಿಲ್ಲದ ಮೆಷೀನಿಗೆ ಕರೆಸಿದ ದೋಷ. ಎರಡಕ್ಕೂ ದರ ಒಂದೇ. ಇನ್ನು 18% ಲೆಕ್ಕದಲ್ಲಿ 500ಕ್ಕೆ 90 ರೂಪಾಯಿ ತೆರಿಗೆ. ಅದರಲ್ಲಿ 45 ಕೇಂದ್ರಕ್ಕೆ, 45 ರಾಜ್ಯಕ್ಕೆ. ನಮ್ಮ ಒಕ್ಕೂಟ ವ್ಯವಸ್ಥೆ ಡ್ರೈನ್ ಪಂಪಿನ ತಳದವರೆಗೂ ಇಳಿದಿದೆಯೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

4. ಆನಂದ ಪ್ರಕರಣ

ಸಾಧನೆಯ ಕೊನೆಯ ಮೆಟ್ಟಿಲು ‘ಹ್ಯಾಪಿ ಕೋಡ್’. ದೂರು ಮುಗಿದು ಗ್ರಾಹಕ ಆನಂದದಲ್ಲಿದ್ದಾನೆ ಎಂಬುದಕ್ಕೆ ಅವನ ಮೊಬೈಲಿಗೆ ಬರುವ ಸಂಖ್ಯೆ ಅದು. ಬ್ರಹ್ಮಾನಂದ ಮಾತಿಗೆ ಎಟುಕದ್ದೆಂದು ಹಿಂದಿನವರು ಕೈಚೆಲ್ಲಿದ್ದರು. ಈಗ ಅದು ಎಸ್ಸೆಮ್ಮೆಸ್ಸಿನಲ್ಲಿ ಬರುತ್ತದೆ. ಹುಡುಗನಿಗೂ ಕಾಲ್ ಕ್ಲೋಸ್ ಆದರೇ ಕಾಸು. ಆದ್ದರಿಂದ ಅವನು ಬಾಗಿಲಲ್ಲಿ ನಿಂತು, “ಪಾರ್ಟ್ ಸ್ಟಾಕ್ ಇಲ್ಲ, ಬಂದ ತಕ್ಷಣ ಹಾಕಿಕೊಡ್ತೀನಿ. ಈಗ ಕೋಡ್ ಹೇಳಿಬಿಡಿ” ಎನ್ನುತ್ತಾನೆ. ಹೇಳಿದ ಕ್ಷಣದಿಂದ ದಾಖಲೆಯ ಪ್ರಕಾರ ನೀವು ಸುಖಿ. ಬಟ್ಟೆ ಮಾತ್ರ ಬಕೆಟ್ಟಿನಲ್ಲಿ ನೆನೆಯುತ್ತಿರುತ್ತದೆ.

5. ಖಂಡನ ಪ್ರಕರಣ

ಈ ದರ್ಶನಕ್ಕೆ ಎದುರಾದ ಗ್ರಂಥವೊಂದುಂಟು: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈನಿಂದ ಜಾರಿ. ಅದರಂತೆ ಗ್ರಾಹಕ ತಾನಿರುವ ಜಿಲ್ಲೆಯ ಆಯೋಗದಲ್ಲೇ, ವಕೀಲರಿಲ್ಲದೆ, ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ದಾಟದಿದ್ದರೆ ಫೀ ಇಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ಅಹವಾಲು ಹೇಳಿಕೊಳ್ಳಬಹುದು. ಅಂದರೆ ಈ ದೇಶದಲ್ಲಿ ಮೆಷೀನಿನ ಬಗ್ಗೆ ನ್ಯಾಯ ಕೇಳುವುದು ಪುಕ್ಕಟೆ, ಮೆಷೀನಿನ ಮುಚ್ಚಳ ತೆಗೆಸುವುದಕ್ಕೆ ಐನೂರು. ಆದರೂ ಜನ ಐನೂರನ್ನೇ ಕೊಡುತ್ತಾರೆ. ಆಯೋಗದ ಮೆಟ್ಟಿಲು ಹತ್ತಲು ಹಾಕಬೇಕಾದ ರಜೆ ಐನೂರಕ್ಕಿಂತ ದುಬಾರಿ ಎಂಬುದು ಗ್ರಾಹಕನಿಗೂ ಕಂಪನಿಗೂ ಗೊತ್ತು, ಮತ್ತು ಆ ದರ ನಿಗದಿಯಾಗಿರುವುದು ಆ ತಿಳಿವಳಿಕೆಯ ಮೇಲೆಯೇ.

ಫಲಶ್ರುತಿ

ಇದನ್ನು ಓದಿದವರು ಕೊಳ್ಳುವಾಗ ಸ್ಟಿಕ್ಕರ್ ಬಿಟ್ಟು ಕಾರ್ಡು ಕೇಳುವರು. ಎರಡನೆಯ ವರ್ಷ ಯಾವುದಕ್ಕೆಲ್ಲ ದುಡ್ಡು ಎಂದು ಅಂಗಡಿಯಲ್ಲೇ ವಿಚಾರಿಸುವರು. ಬಂದವನ ಕೈಗೆ ಕಾಸಿಡುವ ಮುನ್ನ ಕಂಪನಿಯ ಬಿಲ್ಲು ಬೇಕೆನ್ನುವರು. ಮೆಷೀನು ತಿರುಗಿ ನೀರು ಹೊರಹೋಗುವುದನ್ನು ಕಣ್ಣಾರೆ ಕಾಣುವವರೆಗೆ ಯಾರು ಕೋಡನ್ನು ಬಾಯಿಬಿಡುವುದಿಲ್ಲವೋ, ಅವರ ಮನೆಯ ಪಾರ್ಟು ಎಲ್ಲಿದ್ದರೂ ಸ್ಟಾಕಿಗೆ ಬರುವುದು.